ಹಾಲೆಮರದ ಕೊಳವೆ, ಮೇಣದ ಕಾಗದದ ಬೆಳಕು

ಕಳೆದ ತಿಂಗಳು ಹಳೆಯ ದಾಖಲೆಯೊಂದರ ನಕಲು ಪಡೆಯಲು ರಾಮನಗರಕ್ಕೆ ಹೋಗಿದ್ದೆ. ರೈಲಿನಿಂದ ಇಳಿದವಳು ಆಟೊ ಹಿಡಿಯದೆ ಕಾಲು ಎಳೆದ ಕಡೆಗೆ ನಡೆದೆ. ನೂಲು ಬಿಚ್ಚುವ ಮನೆಗಳಿರುವ ಬೀದಿಯ ತಿರುವಿನಲ್ಲಿ, ಬಿಸಿನೀರಿನಲ್ಲಿ ಬೇಯುವ ರೇಷ್ಮೆಗೂಡಿನ ವಾಸನೆ ಎದುರಾಯಿತು. ಹೊಸಬರು ಮೂಗು ಮುಚ್ಚಿಕೊಳ್ಳುವ ವಾಸನೆ ಅದು. ನನಗೆ ಮಾತ್ರ ಆ ಊರಿನಲ್ಲಿ ಕಳೆದ ಒಂದೇ ಒಂದು ಮಳೆಗಾಲ, ಒಂದು ಮರದ ಕೊಳವೆ ಮತ್ತು ಪುಟ್ಟಲಿಂಗಮ್ಮ ಎಂಬ ಹೆಂಗಸಿನ ಮುಖ ಒಟ್ಟಿಗೇ ನೆನಪಾದವು.

ಆಗ ನಾನು ಒಂದು ದಿನಪತ್ರಿಕೆಯ ಜಿಲ್ಲಾ ವರದಿಗಾರ್ತಿ. ಆ ಊರಿಗೆ ನನ್ನನ್ನು ಕಳಿಸಿದ್ದು ಒಂದು ವರ್ಷದ ಮಟ್ಟಿಗೆ. ನಾನು ಬರುವ ಹೊತ್ತಿಗೆ ಅಲ್ಲಿನ ಛಾಯಾಗ್ರಾಹಕರನ್ನು ಮೈಸೂರಿಗೆ ವರ್ಗ ಮಾಡಿದ್ದರು. ಅವರ ಜಾಗಕ್ಕೆ ಬೇರೆಯವರನ್ನು ಹಾಕಲಿಲ್ಲ. ಅವರ ಕ್ಯಾಮೆರಾ ಚೀಲ ನನ್ನ ಮೇಜಿನ ಮೇಲೆ ಬಂದು ಕೂತಿತು. ಅದರಲ್ಲಿ ಒಂದು ಡಿಜಿಟಲ್ ಕ್ಯಾಮೆರಾ, ಅದರ ಜೊತೆಗೇ ಬರುವ ಮಾಮೂಲಿ ಲೆನ್ಸ್, ಮತ್ತು ಫಿಲ್ಮ್ ಕಾಲದ ಐವತ್ತು ಎಂಎಂನ ಒಂದು ಹಳೆಯ ಲೆನ್ಸ್. ಬೆಳಕಿನ ಕಿಂಡಿಯನ್ನು ಕೈಯಲ್ಲೇ ತಿರುಗಿಸಿ ಹಿಗ್ಗಿಸುವ, ಕುಗ್ಗಿಸುವ ಉಂಗುರ ಈ ಹಳೆಯದಕ್ಕಿತ್ತು. ಇನ್ನೇನೂ ಇರಲಿಲ್ಲ.

ಜಿಲ್ಲಾ ಪುಟಕ್ಕೆ ಪ್ರತಿ ಗುರುವಾರ ಒಂದು ದೊಡ್ಡ ಚಿತ್ರ ಬೇಕೆಂದು ಡೆಸ್ಕ್ ಕೇಳಿತ್ತು. ಬೆಟ್ಟ, ಬಂಡೆ, ಗೊಂಬೆ ಎಲ್ಲ ಬಂದು ಹಳತಾಗಿದ್ದವು. ಸಣ್ಣ ವಸ್ತುಗಳನ್ನು ದೊಡ್ಡದಾಗಿ ತೋರಿಸೋಣ ಎಂದು ನಾನೇ ಬಾಯಿಬಿಟ್ಟೆ. ಅವರು ಒಪ್ಪಿ, 'ಕಣ್ಣಿಗೆ ಬೀಳದ ಜಿಲ್ಲೆ' ಎಂದು ಮಾಲಿಕೆಗೆ ಹೆಸರನ್ನೂ ಇಟ್ಟರು. ಹೆಸರಿಟ್ಟ ಮೇಲೆ ನನಗೆ ಹೊಳೆದದ್ದು, ಚೀಲದಲ್ಲಿದ್ದ ಎರಡು ಲೆನ್ಸ್‌ಗಳಲ್ಲಿ ಯಾವುದೂ ಒಂದು ಗೇಣಿಗಿಂತ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಹಿಡಿಯುವುದಿಲ್ಲ ಎಂದು.

ಅತಿ ಹತ್ತಿರದ ಚಿತ್ರಕ್ಕೆಂದೇ ಮಾಡಿದ ಲೆನ್ಸ್ ಕೇಳಿದೆ, ಕಚೇರಿ ಉತ್ತರಿಸಲಿಲ್ಲ. ಮಾಮೂಲಿ ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಭೂತಗನ್ನಡಿ ಪ್ರಯತ್ನಿಸಿದೆ. ಚಿತ್ರದ ನಡುಭಾಗ ಚೆನ್ನಾಗಿತ್ತು, ಅಂಚುಗಳು ನೀರಿನಲ್ಲಿ ಅದ್ದಿದಂತೆ ಕದಡಿದ್ದವು. ಐವತ್ತು ಎಂಎಂ ಲೆನ್ಸನ್ನು ಹಿಂದುಮುಂದಾಗಿ ಹಿಡಿದರೆ ಸಣ್ಣದು ದೊಡ್ಡದಾಗಿ ಕಾಣುತ್ತದೆ. ಅದನ್ನೂ ಮಾಡಿದೆ. ಆದರೆ ಹಾಗೆ ಹಿಡಿದಾಗ ಲೆನ್ಸಿನ ಹಿಂಬದಿಯ ಗಾಜು ಹೊರಕ್ಕೆ ತೆರೆದುಕೊಳ್ಳುತ್ತದೆ. ರಾಮನಗರದಲ್ಲಿ ನಾನು ಕೆಲಸ ಮಾಡಬೇಕಿದ್ದುದು ಗೂಡು ಬೇಯಿಸುವ, ಹಬೆ ಏಳುವ ಬಾನಿಗಳ ಪಕ್ಕದಲ್ಲಿ. ಒಂದೇ ದಿನಕ್ಕೆ ಗಾಜು ಮಂಜಾಯಿತು.

ಉಳಿದದ್ದು ಕೊಳವೆ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಒಂದು ಟೊಳ್ಳು ಕೊಳವೆ ಇಟ್ಟು ಲೆನ್ಸನ್ನು ಮುಂದಕ್ಕೆ ದೂಡಿದರೆ, ಅದು ತೀರ ಹತ್ತಿರದ್ದನ್ನು ನೋಡಬಲ್ಲದು. ಕೊಳವೆಯೊಳಗೆ ಗಾಜಿಲ್ಲ, ಯಂತ್ರವಿಲ್ಲ. ಇರುವುದು ಕತ್ತಲೆ ಮಾತ್ರ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಖಲೀಲ್ ಸಾಹೇಬರ ಅಂಗಡಿಗೆ ಬೇರೊಂದು ವರದಿಗೆಂದು ಹೋಗಿದ್ದಾಗ, ಅವರು ಮಗುವಿನ ಗಿಲಕಿಗೆ ಉಂಗುರ ಕಡೆಯುತ್ತಿದ್ದರು. ಲೇತ್‌ಗೆ ಸಿಕ್ಕಿಸಿದ ಹಾಲೆಮರದ ತುಂಡು ಬೆಣ್ಣೆಯಂತೆ ಸಿಪ್ಪೆ ಬಿಡುತ್ತಿತ್ತು. ಇವರ ಕೈಯಲ್ಲಿ ಯಾವ ಅಳತೆಯ ಕೊಳವೆ ಬೇಕಾದರೂ ಆಗುತ್ತದೆ ಅನಿಸಿತು.

ಖಲೀಲ್ ಸಾಹೇಬರಿಗೆ ಅರವತ್ತು ದಾಟಿತ್ತು. ಕೇಳಿದ್ದನ್ನು ತಲೆ ಅಲ್ಲಾಡಿಸುತ್ತ ಕೇಳಿಸಿಕೊಂಡರು, ಅಳತೆಗೆ ಲೆನ್ಸನ್ನೇ ಇಟ್ಟುಕೊಂಡರು. ಕ್ಯಾಮೆರಾದ ಪ್ಲಾಸ್ಟಿಕ್ ಮುಚ್ಚಳ, ಲೆನ್ಸಿನ ಹಿಂಬದಿಯ ಮುಚ್ಚಳ, ಎರಡು ಮುಚ್ಚಳದ ಮಧ್ಯಕ್ಕೂ ತೂತು ಕೊರೆದು ಕೊಳವೆಯ ಎರಡು ಬಾಯಿಗೆ ಅರಗಿನಿಂದ ಕೂರಿಸಿದರು. ನಾನು ಹೇಳಿದ ಷರತ್ತು ಒಂದೇ: ಒಳಗೆ ಕಪ್ಪಾಗಿರಬೇಕು. ಎರಡು ದಿನ ಬಿಟ್ಟು ಹೋದಾಗ ಕೊಳವೆ ತಯಾರಿತ್ತು. ಹೊರಗೆ ಕೆಂಪು, ಅದರ ಮೇಲೆ ಹಳದಿ ಗೆರೆ, ಒಳಗೆ ಕಪ್ಪು. ಕ್ಯಾಮೆರಾಕ್ಕೆ ಸಿಕ್ಕಿಸಿದರೆ ಕಟಕ್ಕೆಂದು ಕೂರುತ್ತಿತ್ತು.

ಆ ಆಷಾಢದ ವಾರಗಳು ನನಗೆ ಈಗಲೂ ಬಿಡಿಬಿಡಿಯಾಗಿ ನೆನಪಿವೆ. ಬೆಳಗಿನ ಗೂಡು ಮಾರುಕಟ್ಟೆ ಮುಗಿಯುವ ಹೊತ್ತಿಗೆ ತುಂತುರು ಶುರುವಾಗುತ್ತಿತ್ತು. ಜೋರು ಮಳೆಯಲ್ಲ, ಗಾಳಿ ಹೊತ್ತು ತರುವ ಹನಿ. ಬಂಡೆಗಳು ಒದ್ದೆಯಾಗಿ ಕಪ್ಪಾಗಿ, ಗಂಟೆಯೊಳಗೆ ಒಣಗಿ ಮತ್ತೆ ಬೂದುಬಣ್ಣಕ್ಕೆ ತಿರುಗುತ್ತಿದ್ದವು. ನಾನಿದ್ದದ್ದು ಮೈಸೂರು ರಸ್ತೆಯ ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಬಸ್ಸು ಲಾರಿಗಳ ಸದ್ದಿಗೆ ಕಿಟಕಿಯ ಗಾಜು ಸದಾ ಅದುರುತ್ತಿತ್ತು. ಮೊದಲ ವಾರ ಬಾನಿಯಿಂದ ಎದ್ದು ಬರುವ ರೇಷ್ಮೆ ಎಳೆ ತೆಗೆದೆ. ಎರಡನೇ ವಾರ ಗೊಂಬೆಯ ಮೇಲೆ ಕರಗಿ ಹರಡುವ ಅರಗು. ಮೂರನೇ ವಾರ ಮಾಗಡಿ ತಾಲ್ಲೂಕಿನ ಕುದೂರಿಗೆ ಬೆಳಗಿನ ಮೊದಲ ಬಸ್ಸಿನಲ್ಲಿ ಹೋಗಿ, ರಾಗಿ ಪೈರಿನ ತುದಿಯ ಹನಿ.

ಕೊಳವೆ ಇದ್ದರೆ ಎರಡು ಕಷ್ಟ. ಒಂದು, ಬೆಳಕು ದೂರ ಸಾಗಬೇಕಾದ್ದರಿಂದ ಚಿತ್ರ ಮಬ್ಬಾಗುತ್ತದೆ. ಇನ್ನೊಂದು, ಲೆನ್ಸ್ ವಸ್ತುವಿಗೆ ಎಷ್ಟು ಸಮೀಪ ಹೋಗುತ್ತದೆಂದರೆ ತನ್ನ ನೆರಳನ್ನು ತಾನೇ ಅದರ ಮೇಲೆ ಚೆಲ್ಲುತ್ತದೆ. ಕ್ಯಾಮೆರಾದ ಸ್ವಂತ ಫ್ಲ್ಯಾಷಿಗೆ ಕೊಳವೆಯೇ ಅಡ್ಡ ಬಂದು ಅದು ಕೆಲಸಕ್ಕೆ ಬರುತ್ತಿರಲಿಲ್ಲ. ಹಾಗಾಗಿ ನಾನು ಎಡಗೈಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಪಕ್ಕದಿಂದ ಬೆಳಕು ಬಿಡುತ್ತಿದ್ದೆ. ಮೂರು ವಾರವೂ ಚಿತ್ರ ಚೆನ್ನಾಗಿ ಬಂತು ಎಂದೇ ಎಲ್ಲರೂ ಹೇಳಿದರು. ಎಳೆ ಹೊಳೆಯಿತು, ಅರಗು ಹೊಳೆಯಿತು, ಹನಿ ಹೊಳೆಯಿತು. ರೇಷ್ಮೆಯ ಚಿತ್ರದಲ್ಲಿ ನಡುವೆ ತೆಳ್ಳಗೆ ಬಿಳಿಯ ಪೊರೆಯೊಂದು ಕಂಡಿತ್ತು. ಬಾನಿಯ ಹಬೆ ಎಂದುಕೊಂಡೆ. ಹೊಳೆಯುವ ವಸ್ತುಗಳನ್ನಷ್ಟೇ ತೆಗೆದಿದ್ದೇನೆ, ಹೊಳಪು ಎಲ್ಲಿಂದ ಬಂತೆಂದು ಕೇಳಿಕೊಂಡಿಲ್ಲ ಎಂಬುದು ಆಗ ತೋಚಲಿಲ್ಲ.

ನಾಲ್ಕನೇ ವಾರಕ್ಕೆ ಪುಟ್ಟಲಿಂಗಮ್ಮನ ಹುಳು.

ಕನಕಪುರ ರಸ್ತೆಯ ಒಂದು ಹಳ್ಳಿಯಲ್ಲಿ ಆಕೆ ಚಾಕಿ ಕೇಂದ್ರ ನಡೆಸುತ್ತಿದ್ದರು. ಮೊಟ್ಟೆಯಿಂದ ಹೊರಬಂದ ರೇಷ್ಮೆ ಹುಳುವನ್ನು ಮೊದಲ ಎಂಟು ದಿನ ಹಿಪ್ಪುನೇರಳೆಯ ಎಳೆಸೊಪ್ಪು ಹಾಕಿ ಸಾಕುವುದೇ ಚಾಕಿ. ಹುಳು ಪೊರೆ ಕಳಚುವಾಗ ಮೇವು ಬಿಟ್ಟು ಸುಮ್ಮನೆ ಕೂರುತ್ತದೆ. ಅದಕ್ಕೆ ಆ ಕಡೆಯವರು ಜ್ವರ ಎನ್ನುತ್ತಾರೆ. ಎರಡನೇ ಜ್ವರಕ್ಕೆ ಕೂತಾಗ ರೈತರು ಬಂದು ತಂತಮ್ಮ ಪಾಲಿನ ಹುಳು ಒಯ್ಯುತ್ತಾರೆ. ಜ್ವರ ಬಿಟ್ಟು ಎದ್ದ ಹುಳುವಿಗೆ ಬಲಿತ ಸೊಪ್ಪು, ಹೊರೆಗಟ್ಟಲೆ ಬೇಕು. ಆಗ ಅದು ರೈತನ ಮನೆಯಲ್ಲೇ ಇರಬೇಕು.

ಪುಟ್ಟಲಿಂಗಮ್ಮನಿಗೆ ಐವತ್ತರ ಆಸುಪಾಸು. ಮನೆಯ ಹಿಂದೆ ಹೆಂಚಿನ ಒಂದು ಕೋಣೆ, ಅದರ ಬಾಗಿಲಲ್ಲಿ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತೊಟ್ಟಿ. ಹೊರಗಿನವರು ಒಳಗೆ ಹೋಗುವಂತಿರಲಿಲ್ಲ. ಹುಳು ಒಯ್ಯಲು ಬರುವ ರೈತರೂ ಜಗುಲಿಯಲ್ಲೇ ನಿಲ್ಲಬೇಕು. ಒಬ್ಬರ ಕಾಲಿನ ಮಣ್ಣು ಸಾಕು, ಹತ್ತು ಮನೆಯ ಬೆಳೆ ಹೋಗಲು. ನನಗಾಗಿ ಆಕೆ ಆ ಕಟ್ಟಳೆ ಮುರಿದರು. ರೇಷ್ಮೆ ಸೀರೆ ಉಡುವವರಿಗೆ ಹುಳು ಹುಟ್ಟಿದಾಗ ಎಷ್ಟು ಸಣ್ಣದಿರುತ್ತದೆಂದು ತೋರಿಸುತ್ತೇನೆ ಎಂದು ನಾನು ಹೇಳಿದ ಮಾತು ಆಕೆಗೆ ಹಿಡಿಸಿತ್ತು. ಕಾಲು ತೊಳೆಸಿ, ಕೈ ತೊಳೆಸಿ, ಹುಳುವಿಗೆ ಆಗದ ತಲೆಎಣ್ಣೆಯ ವಾಸನೆ ಇದೆಯೇ ಎಂದು ಮೂಸಿ ನೋಡಿ ಒಳಗೆ ಬಿಟ್ಟರು. ಒಳಗೆ ಮಬ್ಬುಗತ್ತಲೆ. ತಟ್ಟೆಗಳ ಮೇಲೆ ಸೊಪ್ಪು ಬಾಡದಂತೆ ಮೇಣದ ಕಾಗದ ಮುಚ್ಚಿತ್ತು. ಅದನ್ನು ಎತ್ತಿದಾಗ, ಸಣ್ಣಗೆ ಹೆಚ್ಚಿದ ಸೊಪ್ಪಿನ ನಡುವೆ ಅಕ್ಕಿಕಾಳಿನಷ್ಟು ಉದ್ದದ ಹುಳುಗಳು.

"ಬಿರ್ನೆ ತೆಗ್ದು ಬನ್ನಿ," ಎಂದರು ಪುಟ್ಟಲಿಂಗಮ್ಮ. "ಬೆಳಕು ಕಂಡ್ರೆ ಸೊಪ್ಪಿನಡೀಕ್ ಓಯ್ತವೆ."

ಟಾರ್ಚಿನ ಬೆಳಕು ಬಿಟ್ಟೆ. ಐದು ನಿಮಿಷದಲ್ಲಿ ಮುಗಿಸಿದೆ. ಚಿತ್ರ ಗುರುವಾರ ಅರ್ಧ ಪುಟಕ್ಕೆ ಬಂತು. ಆಕೆಯ ಹೆಸರು, ಊರು, ಕೇಂದ್ರದ ಅಚ್ಚುಕಟ್ಟುತನ, ಎಲ್ಲವನ್ನೂ ಮೆಚ್ಚಿ ಬರೆದಿದ್ದೆ. ಎಲ್ಲವೂ ಸರಿಯಾಗಿತ್ತು, ಒಂದೊಂದು ಅಕ್ಷರವೂ.

ಅಂದೇ ಬೆಳಗ್ಗೆ ಒಂಬತ್ತಕ್ಕೆ ಆಕೆಯೇ ಫೋನ್ ಮಾಡಿದರು. ಫೋಟೊ ಬಂದಿದೆ ಎಂದರು. ಆಮೇಲೆ, ಭಾನುವಾರಕ್ಕೆ ಹುಳು ಬೇಕೆಂದು ಮೊದಲೇ ಹೇಳಿಟ್ಟಿದ್ದ ಆರು ಜನರಲ್ಲಿ ನಾಲ್ಕು ಜನ ಬೇಡವೆಂದಿದ್ದಾರೆ, ಬರುವುದಾದರೆ ಈಗಲೇ ಬನ್ನಿ ಎಂದು ಇಟ್ಟುಬಿಟ್ಟರು.

ಬಸ್ಸು ಇಳಿದ ಕಡೆಯ ಟೀ ಅಂಗಡಿಯಲ್ಲೇ ನನಗೆ ಕಾರಣ ಸಿಕ್ಕಿತು. ಪತ್ರಿಕೆಯನ್ನು ಬೆಂಚಿನ ಮೇಲೆ ಹರಡಿಕೊಂಡು ಐದಾರು ಜನ ಕೂತಿದ್ದರು. ನಡುವೆ ಬೋರಣ್ಣ, ಆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ವರ್ಷ ಹುಳು ಸಾಕಿದವರು. ಬೇಡವೆಂದ ನಾಲ್ವರಲ್ಲಿ ಮೊದಲಿಗರು ಅವರೇ. ಚಿತ್ರ ತೆಗೆದವಳು ನಾನೆಂದು ತಿಳಿದ ಮೇಲೂ ಅವರ ದನಿ ಏರಲಿಲ್ಲ.

"ನೋಡವ್ವ, ಮೈ ಮಿಂಚ್ತಾ ಐತೆ. ಬಣ್ಣ ಹಾಲು ಉಯ್ದಂಗೈತೆ. ಇದು ಹಾಲುತೊಂಡೆ ಅಲ್ದೆ ಇನ್ನೇನು?"

ಹಾಲುತೊಂಡೆ ಹುಳುವಿನ ರೋಗ. ಅದು ತಗುಲಿದರೆ ಮೈ ಉಬ್ಬಿ ಮಿಂಚುತ್ತದೆ, ಒಳಗಿನ ರಸ ಹಾಲಿನಂತೆ ಬಿಳಿಯಾಗುತ್ತದೆ, ಹುಳು ಒಡೆದು ಸಾಯುತ್ತದೆ, ತಟ್ಟೆಯಲ್ಲಿದ್ದ ಉಳಿದವಕ್ಕೂ ಅಂಟುತ್ತದೆ. ರೈತರು ಹುಳುವಿನ ಆರೋಗ್ಯ ಓದುವುದು ಅದರ ಚರ್ಮದ ಹೊಳಪಿನಲ್ಲಿ. ನಾನು ಅವರ ಮುಂದೆ ಅರ್ಧ ಪುಟದಷ್ಟು ಹೊಳಪು ಇಟ್ಟಿದ್ದೆ. ಅದು ಟಾರ್ಚಿನ ಬೆಳಕು ಎಂದೆ. ಬೋರಣ್ಣ ತಾಳ್ಮೆಯಿಂದ ಕೇಳಿದರು: "ಮಿಂಚೋದು ಬೆಳಕಿಂದ ಅನ್ನು. ಹಾಲುಬಣ್ಣ ಯಾವುದ್ರಿಂದ?"

ಪತ್ರಿಕೆ ಎತ್ತಿ ಚಿತ್ರವನ್ನು ಮತ್ತೆ ನೋಡಿದೆ.

ಬೆಂಚಿನ ಕೊನೆಯಲ್ಲಿ ಕೂತಿದ್ದ ಒಬ್ಬಾತ ಲೋಟ ಕೆಳಗಿಟ್ಟು, "ಕಣ್ಗೆ ಬೀಳ್ದಿದ್ನ ತೋರುಸ್ತೀವಿ ಅಂತ ಬರ್ಕಂಡವ್ರಲ್ಲ. ತೋರ್ಸ್‌ಬುಟ್ರು ಬುಡ್ಲಾ," ಎಂದ. ಎಲ್ಲರೂ ನಕ್ಕರು. ಹೊರಗಿನವಳೊಬ್ಬಳನ್ನು ಚಾಕಿ ಮನೆಯೊಳಗೆ ಬಿಟ್ಟದ್ದೇ ತಪ್ಪು ಎಂದು ಇನ್ನೊಬ್ಬರು ಸೇರಿಸಿದರು.

ಪುಟ್ಟಲಿಂಗಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಒಳಗೆ ಹೋಗಿ, ಕೋಳಿಪುಕ್ಕದಿಂದ ಒಂದು ಹುಳುವನ್ನು ಮೆಲ್ಲಗೆ ಎತ್ತಿ ತಂದು ನನ್ನ ಅಂಗೈಯಲ್ಲಿಟ್ಟರು. ಮಿಂಚುತ್ತಿದೆಯಾ ನೋಡಿ ಎಂದರು. ಮಿಂಚುತ್ತಿರಲಿಲ್ಲ. ಬೂದಿ ಕಲಸಿದ ಬಿಳಿ, ಒರಟು ಬಟ್ಟೆಯಂಥ ಮೈ. ಚಿತ್ರದಲ್ಲಿದ್ದ ಹುಳುವೂ ಇದೇ ತಟ್ಟೆಯದು. ಭಾನುವಾರ ಬೆಳಗಿನ ಹೊತ್ತಿಗೆ ಇವು ಜ್ವರಕ್ಕೆ ಕೂರುತ್ತವೆ, ಯಾರೂ ಒಯ್ಯದಿದ್ದರೆ ಎದ್ದ ಮೇಲೆ ಹಾಕಲು ತನ್ನ ತೋಟದಲ್ಲಿ ಬಲಿತ ಸೊಪ್ಪಿಲ್ಲ, ಸಾಕಲು ಜಾಗವಿಲ್ಲ, ಹಳ್ಳ ತೋಡಿ ಹೂಳಬೇಕಷ್ಟೆ ಎಂದು ಹೇಳಿದರು. ಒಂದು ಸಲ ಹಳ್ಳಕ್ಕೆ ಹಾಕಿದ ಚಾಕಿಯವಳ ಹತ್ತಿರ ಮುಂದಿನ ಬೆಳೆಗೂ ಯಾರೂ ಬರುವುದಿಲ್ಲ.

ಕೋಣೆಗೆ ಹಿಂತಿರುಗಿ ಅವತ್ತೇ ಪರೀಕ್ಷೆ ಮಾಡಿದೆ. ಕೊಳವೆ ಸಿಕ್ಕಿಸಿ, ಪತ್ರಿಕೆಯ ಕಪ್ಪು ಜಾಹೀರಾತೊಂದರ ಚಿತ್ರ ತೆಗೆದೆ. ನಡುವೆ ಬಿಳಿಯ ಪೊರೆ. ಗೋಡೆಯ ಕೆಂಪು ಇಟ್ಟಿಗೆ ತೆಗೆದೆ. ಅದೇ ಜಾಗದಲ್ಲಿ ಅದೇ ಪೊರೆ. ಕೊಳವೆಯನ್ನು ಬಿಚ್ಚಿ ಕಿಟಕಿಗೆ ಹಿಡಿದು ಒಳಗೆ ನೋಡಿದೆ. ಕಪ್ಪೇನೋ ಕಪ್ಪು. ಆದರೆ ಬಿಸಿಲು ಬಿದ್ದ ಬಾವಿಯ ಗೋಡೆಯಂತೆ ಸುತ್ತಲೂ ಥಳಥಳ ಹೊಳೆಯುತ್ತಿತ್ತು. ಟಾರ್ಚಿನ ಬೆಳಕು ಒಳಗೆ ನುಗ್ಗಿ, ಆ ಹೊಳಪಿಗೆ ಬಡಿದು ಚದುರಿ, ಚಿತ್ರದ ಮೇಲೆಲ್ಲ ಹಾಲು ಚೆಲ್ಲುತ್ತಿತ್ತು.

ಶುಕ್ರವಾರ ಬೆಳಗ್ಗೆ ಚನ್ನಪಟ್ಟಣಕ್ಕೆ ಹೋದೆ. ಖಲೀಲ್ ಸಾಹೇಬರು ಪತ್ರಿಕೆಯ ಚಿತ್ರವನ್ನು ಬಹಳ ಹೊತ್ತು ನೋಡಿದರು, ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು. ಒಳಮೈಗೆ ಅರಗು ಹಚ್ಚಿದ ಮೇಲೆ, ಕಡ್ಡಿಯ ತುದಿಗೆ ತಾಳೆಗರಿ ಸುತ್ತಿ ಅರ್ಧ ಗಂಟೆ ಉಜ್ಜಿದ್ದರಂತೆ. ಯಾರ ಕಣ್ಣಿಗೂ ಬೀಳದ ಜಾಗವಾದರೂ ಹಾಗೇ ಬಿಡಲು ಅವರಿಗೆ ಮನಸ್ಸು ಬಂದಿರಲಿಲ್ಲ.

"ಹೊಳಪು ಬ್ಯಾಡ ಅಂತ ಈ ಅಂಗಡೀಲಿ ಇದುವರ್ಗೂ ಯಾರೂ ಹೇಳಿಲ್ಲಮ್ಮ," ಎಂದರು. "ನೀವೂ ಹೇಳ್ಲಿಲ್ಲ."

ಅದು ನಿಜ. ಕಪ್ಪು ಎಂದಷ್ಟೇ ಹೇಳಿ ಬಂದಿದ್ದೆ. ಗೊಂಬೆ ಮಾಡುವವರಿಗೆ ಹೊಳೆಯದ ಕಪ್ಪೆಂದರೆ ಕೆಲಸ ಮುಗಿಯದ ಕಪ್ಪು. ಅದನ್ನು ತಿಳಿದುಕೊಳ್ಳಬೇಕಾದವಳು ನಾನು.

ಅವರು ಕೊಳವೆಯನ್ನು ಮತ್ತೆ ಲೇತ್‌ಗೆ ಹಾಕಿ, ಒಳಗಿನ ಅರಗನ್ನು ಹೆರೆದು ತೆಗೆದರು. ಚೂಪಾದ ಉಳಿಯಿಂದ ಒಳಗೋಡೆಯ ಉದ್ದಕ್ಕೂ ಸಣ್ಣ ಸಣ್ಣ ಗೀರು ಎಳೆದರು, ಬೆಳಕು ಜಾರದೆ ಅಲ್ಲೇ ಸಿಕ್ಕಿಕೊಳ್ಳಲಿ ಎಂದು. ಇದು ಅವರದೇ ಯೋಚನೆ. ಕೊನೆಗೆ ಒರಟು ಕಾಗದ ಉಜ್ಜಿ, ದೀಪದ ಮಸಿ ಬಳಿದರು. ಮಾಡುವಷ್ಟು ಹೊತ್ತೂ ಮುಖದಲ್ಲಿ ಒಂದು ಸಂಕಟ ಇತ್ತು. ಮುಗಿದ ಮೇಲೆ ಒಳಗೆ ನೋಡದೆಯೇ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೈಗಿತ್ತು, ಇದನ್ನು ಯಾರು ಮಾಡಿದ್ದೆಂದು ಕೇಳಿದರೆ ತನ್ನ ಹೆಸರು ಹೇಳಬೇಡಿ ಎಂದರು.

ಮಧ್ಯಾಹ್ನ ಎರಡಕ್ಕೆ ಪುಟ್ಟಲಿಂಗಮ್ಮನ ಜಗುಲಿಯಲ್ಲಿದ್ದೆ. ಆಕೆ ಬಾಗಿಲಿಗೆ ಅಡ್ಡ ನಿಂತರು. ಒಂದು ಫೋಟೊ ಸಾಲದೆ ಎಂದರು. ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಕೊಳವೆಯ ಕಥೆ ಆಕೆಗೆ ಎಷ್ಟು ಅರ್ಥವಾಯಿತೋ ತಿಳಿಯದು. ತಪ್ಪು ನನ್ನದು ಎಂದು ನಾನು ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದದ್ದು ಅರ್ಥವಾಯಿತು. ತೊಟ್ಟಿಯಲ್ಲಿ ಎರಡು ಸಲ ಕಾಲು ಅದ್ದಿಸಿ ಒಳಗೆ ಬಿಟ್ಟರು.

ಟಾರ್ಚನ್ನು ಚೀಲದಲ್ಲೇ ಬಿಟ್ಟಿದ್ದೆ. ಆದರೆ ಕಿಟಕಿಯ ಬೆಳಕೂ ಒಂದೇ ಕಡೆಯಿಂದ ಬಿದ್ದು ಹುಳುವಿನ ಬೆನ್ನಿನ ಮೇಲೆ ಬಿಳಿ ಗೆರೆ ಎಳೆಯುತ್ತಿತ್ತು. ಏನು ಮಾಡುವುದೆಂದು ನಿಂತಿದ್ದಾಗ, ಪುಟ್ಟಲಿಂಗಮ್ಮ ಪಕ್ಕದ ತಟ್ಟೆಗೆ ಸೊಪ್ಪು ಹಾಕಲು ಮೇಣದ ಕಾಗದ ಎತ್ತಿದರು. ಆ ಕಾಗದ ದಾಟಿ ಬಂದ ಬೆಳಕು ಅವರ ಸೀರೆಯ ಮೇಲೆ ಹಿಟ್ಟು ಉದುರಿಸಿದಂತೆ ಮೆತ್ತಗೆ ಬಿದ್ದಿತ್ತು. ಅದನ್ನು ಕಿಟಕಿಗೂ ತಟ್ಟೆಗೂ ನಡುವೆ ಹಿಡಿಯಲು ಕೇಳಿದೆ. ಹಿಡಿದರು. ಬೆನ್ನಿನ ಗೆರೆ ಮಾಯವಾಯಿತು. ಎದುರು ಬದಿಯ ನೆರಳು ತುಂಬಲು ಅಡುಗೆಮನೆಯ ಬಿಳಿ ಪಿಂಗಾಣಿ ತಟ್ಟೆಯನ್ನು ಓರೆಯಾಗಿ ನಿಲ್ಲಿಸಿದೆವು.

ಬೆಳಕು ಕಡಿಮೆ ಇದ್ದರೆ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು. ಹುಳು ಕದಲಿದರೆ ಚಿತ್ರ ಕದಡುತ್ತದೆ. ಕಿಂಡಿ ಹಿಗ್ಗಿಸಿದರೆ ಹುಳುವಿನ ತಲೆಯಷ್ಟೇ ಸ್ಪಷ್ಟ, ಬಾಲ ಮಸುಕು. ಇಡೀ ಮೈ ಕಾಣಬೇಕಾದ್ದರಿಂದ ಕಿಂಡಿ ಕುಗ್ಗಿಸಿ, ಕ್ಯಾಮೆರಾವನ್ನು ಸೊಪ್ಪಿನ ಬುಟ್ಟಿಯ ಮೇಲೆ ಊರಿ ಕಾದೆ. ಮೇಯುತ್ತಿರುವ ಹುಳು ನಡುನಡುವೆ ತಲೆ ಎತ್ತಿ ಒಂದು ಕ್ಷಣ ಸುಮ್ಮನಾಗುತ್ತದೆ. ಆ ಕ್ಷಣ ಯಾವಾಗ ಬರುತ್ತದೆಂದು ನನಗೆ ತಿಳಿಯುತ್ತಿರಲಿಲ್ಲ. ಪುಟ್ಟಲಿಂಗಮ್ಮನಿಗೆ ತಿಳಿಯುತ್ತಿತ್ತು. "ಈಗ" ಎನ್ನುತ್ತಿದ್ದರು, ನಾನು ಒತ್ತುತ್ತಿದ್ದೆ. ಸುಮಾರು ನಲವತ್ತು ಸಲ 'ಈಗ' ಎಂದಿರಬೇಕು. ಕಾಗದ ಹಿಡಿದ ಕೈಯನ್ನು ಅವರು ಒಮ್ಮೆಯೂ ಇಳಿಸಲಿಲ್ಲ. ಹೊರಗೆ ಮಳೆ ಬಂದು ನಿಂತದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ನನ್ನ ಕೆಲಸದ ಇಷ್ಟು ವರ್ಷಗಳಲ್ಲಿ ಆ ಒಂದು ಗಂಟೆಯಷ್ಟು ನೆಮ್ಮದಿಯಿಂದ ಇನ್ನೆಲ್ಲೂ ದುಡಿದದ್ದು ನೆನಪಿಲ್ಲ. ಅಷ್ಟೆಲ್ಲ ಕೆಟ್ಟಿದ್ದ ಹೊತ್ತಿನಲ್ಲಿ ಹಾಗೆ ಅನಿಸಿದ್ದು ಹೇಗೆಂದು ಈಗಲೂ ವಿವರಿಸಲಾರೆ.

ಸಂಜೆ ಡೆಸ್ಕಿನ ಮುಖ್ಯಸ್ಥರಿಗೆ ಚಿತ್ರ ಕಳಿಸಿ, ತಿದ್ದುಪಡಿ ಹಾಕಬೇಕೆಂದೆ.

"ಹೆಸರು ಸರಿ ಇದೆ, ಊರು ಸರಿ ಇದೆ, ಹುಳು ಅದೇ ಹುಳು," ಎಂದರು ಅವರು. "ತಿದ್ದುಪಡಿ ಯಾವುದಕ್ಕೆ?"

"ಬೆಳಕಿಗೆ, ಸರ್," ಎಂದೆ.

ಅಂಥ ತಿದ್ದುಪಡಿ ಪತ್ರಿಕೆ ಯಾವತ್ತೂ ಹಾಕಿಲ್ಲ ಎಂದರು. ಚಿತ್ರ ಸುಂದರವಾಗಿದೆ, ಓದುಗರು ಮೆಚ್ಚಿದ್ದಾರೆ ಎಂದರು. ಓದುಗರಲ್ಲಿ ರೈತರೂ ಇದ್ದಾರೆ ಎಂದೆ. ಕೊನೆಗೆ ಒಳಪುಟದಲ್ಲಿ ಎರಡು ಕಾಲಂ ಜಾಗ ಸಿಕ್ಕಿತು. ಐದು ಸಾಲು ನಾನೇ ಬರೆದೆ: ಗುರುವಾರದ ಚಿತ್ರದಲ್ಲಿ ಹುಳುಗಳು ಹೊಳೆಯುವಂತೆಯೂ ಹಾಲುಬಣ್ಣದಂತೆಯೂ ಕಂಡದ್ದು ಚಿತ್ರ ತೆಗೆದ ಸಾಧನದ ದೋಷ, ಹುಳುಗಳಲ್ಲಿ ಅಂಥ ಬಣ್ಣವಾಗಲೀ ಹೊಳಪಾಗಲೀ ಇಲ್ಲ, ಅದೇ ತಟ್ಟೆಯ ಹುಳುಗಳ ಸರಿಯಾದ ಚಿತ್ರ ಇಲ್ಲಿದೆ. ಶನಿವಾರ ಅದು ಬಂತು. ಗುರುವಾರದ ಚಿತ್ರದ ಕಾಲುಭಾಗದಷ್ಟು.

ಭಾನುವಾರ ಬೆಳಕು ಹರಿಯುವಾಗಲೇ ನಾನು ಆ ಜಗುಲಿಯಲ್ಲಿದ್ದೆ. ಬೇಡವೆನ್ನದ ಇಬ್ಬರು ಬಂದು ತಮ್ಮ ಹುಳು ಒಯ್ದರು. ಆಮೇಲೆ ಬಹಳ ಹೊತ್ತು ಯಾರೂ ಇಲ್ಲ. ಬೆಳಗಿನ ತಂಪು ಹೋಗುವ ಮೊದಲೇ ಹುಳು ಸಾಗಿಸಬೇಕು. ಪುಟ್ಟಲಿಂಗಮ್ಮ ಒಳಗೂ ಹೊರಗೂ ಓಡಾಡಿದರು, ಒಂದು ಸಲವೂ ರಸ್ತೆಯ ಕಡೆ ನೋಡಲಿಲ್ಲ.

ಬೋರಣ್ಣ ಬಂದದ್ದು ಬಿಸಿಲು ಜಗುಲಿ ಮುಟ್ಟಿದ ಮೇಲೆ. ಕೈಯಲ್ಲಿ ಎರಡೂ ಪತ್ರಿಕೆ. ಅವನ್ನು ನನ್ನ ಮುಂದೆ ಒಂದರ ಪಕ್ಕ ಒಂದು ಹಾಸಿದರು.

"ಇದೂ ನೀನೇ ತೆಗ್ದಿರೋದು, ಅದೂ ನೀನೇ ತೆಗ್ದಿರೋದು. ನಾನು ಯಾವ್ದುನ್ನ ನಂಬ್ಲಿ, ಹೇಳು."

ಎರಡನೆಯದನ್ನು ಎನ್ನಬಹುದಿತ್ತು. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಎರಡನ್ನೂ ನಂಬಬೇಡಿ, ಹುಳುವನ್ನೇ ನೋಡಿ ಎಂದೆ.

ಅವರು ಪುಟ್ಟಲಿಂಗಮ್ಮನ ಕಡೆ ತಿರುಗಿ, ಇನ್ನೂ ಜ್ವರಕ್ಕೆ ಕೂರದ ಒಂದೆರಡು ಹುಳು ತರಲು ಹೇಳಿದರು. ಪುಕ್ಕದ ಮೇಲೆ ಬಂದವು. ಬೋರಣ್ಣ ಪಂಚೆಯ ಅಂಚಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಒಂದು ಹುಳುವಿನ ಹಿಂಗಾಲಿಗೆ ಚುಚ್ಚಿ, ಅದನ್ನು ಹೆಬ್ಬೆರಳಿನ ಉಗುರಿಗೆ ಒತ್ತಿದರು. ಸಾಸಿವೆಯ ಚೂರಿನಷ್ಟು ಹನಿ. ರೋಗವಿದ್ದರೆ ಅದು ಹಾಲಿನಂತೆ ಬೆಳ್ಳಗಿರಬೇಕು. ಕನ್ನಡಕ ಹಣೆಗೇರ‍ಿಸಿ ಉಗುರನ್ನು ಕಣ್ಣಿನ ಹತ್ತಿರ ತಂದರು, ದೂರ ಮಾಡಿದರು. ಎರಡನೇ ಹುಳುವಿಗೂ ಹಾಗೇ ಮಾಡಿದರು. ನಂತರ ಕೈ ನನ್ನ ಕಡೆ ಚಾಚಿದರು. ಮಣ್ಣು ಹಿಡಿದ ಉಗುರಿನ ಗೆರೆಗಳು ಆ ಹನಿಯೊಳಗಿಂದ ತಿಳಿಯಾಗಿ ಕಾಣುತ್ತಿದ್ದವು.

"ನೀರು," ಎಂದರು ಬೋರಣ್ಣ. "ತತ್ತಾ, ನನ್ ಪಾಲು ಎಲ್ಲೈತೆ?"

ಅವರು ಒದ್ದೆ ಬಟ್ಟೆ ಹೊದಿಸಿದ ತಟ್ಟೆಗಳನ್ನು ಆಟೊಗೆ ಏರಿಸುವುದನ್ನು ನೋಡಿ, ಎದುರು ಮನೆಯವರು ಬೇಡವೆಂದವರಲ್ಲಿ ಇನ್ನೊಬ್ಬರಿಗೆ ಸುದ್ದಿ ಮುಟ್ಟಿಸಿರಬೇಕು. ಹತ್ತಕ್ಕೆ ಮುಂಚೆ ಅವರೂ ಬಂದರು. ಉಳಿದಿಬ್ಬರು ಬರಲಿಲ್ಲ. ಅವರು ಬೇರೆ ಊರಿನವರು; ಆಗಲೇ ಬೇರೆ ಕಡೆ ಹುಳು ಹೇಳಿಯಾಗಿತ್ತು.

ಇಬ್ಬರ ಪಾಲಿನ ಹುಳು ಒಳಗೆ ಉಳಿಯಿತು. ಜ್ವರ ಬಿಟ್ಟು ಎದ್ದ ದಿನ ಪುಟ್ಟಲಿಂಗಮ್ಮ ತೋಟದಲ್ಲಿ ಉಳಿದಿದ್ದ ಎಳೆಸೊಪ್ಪನ್ನೆಲ್ಲ ಕೊಯ್ದು ಹಾಕಿದರು. ಒಂದು ದಿನಕ್ಕೆ ಅದು ಮುಗಿಯಿತು. ಮರುದಿನ ನನಗೆ ಫೋನ್ ಬಂತು, ಕ್ಯಾಮೆರಾ ತನ್ನಿ ಎಂದು.

ಹಿತ್ತಿಲಿನಲ್ಲಿ ಮೊಣಕಾಲಷ್ಟು ಆಳದ ಗುಂಡಿ ತೆಗೆದಿದ್ದರು. ಪಕ್ಕದಲ್ಲಿ ಸುಣ್ಣದ ಬುಟ್ಟಿ. ಹುಳುಗಳು ಬರಿಯ ತಟ್ಟೆಯಲ್ಲಿ ತಲೆ ಎತ್ತಿ ಸೊಪ್ಪು ಹುಡುಕುತ್ತಿದ್ದವು.

"ಅದ್ನ ಪೇಪರ್ಗೆ ಹಾಕುದ್ರಿ," ಎಂದರು ಪುಟ್ಟಲಿಂಗಮ್ಮ. "ಇದ್ನೂ ತೆಗೀರಿ."

ಕೊಳವೆ ಬಿಚ್ಚಿ ಚೀಲಕ್ಕೆ ಹಾಕಿದೆ. ಮಾಮೂಲಿ ಲೆನ್ಸ್ ಹಾಕಿ ನಾಲ್ಕು ಹೆಜ್ಜೆ ಹಿಂದೆ ಸರಿದೆ. ಗುಂಡಿ, ಬುಟ್ಟಿ, ತಟ್ಟೆ ಬಾಗಿಸುತ್ತಿರುವ ಆಕೆ, ಹಿಂದೆ ಖಾಲಿ ಕಡ್ಡಿಗಳ ತೋಟ, ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಬಂದವು. ಮೋಡದ ಬೆಳಕು ಸಾಕಾಗಿತ್ತು. ಚಿತ್ರ ಡೆಸ್ಕಿಗೆ ಕಳಿಸಿದೆ. ಅದು ಅಚ್ಚಾಗಲಿಲ್ಲ. ಸುದ್ದಿ ಏನು ಎಂದು ಕೇಳಿದರು. ನಾನು ಬರೆದು ಕಳಿಸಿದ ಮೂರು ಸಾಲು ಅವರಿಗೆ ಸುದ್ದಿ ಅನಿಸಲಿಲ್ಲ. ಚಿತ್ರ ಈಗಲೂ ನನ್ನ ಬಳಿ ಇದೆ, ದಿನ, ಸ್ಥಳ, ಹೆಸರಿನ ಸಮೇತ.

ಮುಂದಿನ ಚಾಕಿ ಶುರುವಾದದ್ದು ಇಪ್ಪತ್ತು ದಿನ ಬಿಟ್ಟು. ಬೋರಣ್ಣನ ಹುಳು ನಾಲ್ಕನೇ ಜ್ವರ ದಾಟಿ ಗೂಡು ಕಟ್ಟಲು ಹಣ್ಣಾಗಿತ್ತು, ರೋಗ ಬಂದಿರಲಿಲ್ಲ. ಪುಟ್ಟಲಿಂಗಮ್ಮನ ಬಳಿ ಮತ್ತೆ ಐದು ಜನ ಹುಳು ಹೇಳಿದ್ದರು. ಸುದ್ದಿ ತಿಳಿದು ಖುಷಿಯಿಂದ ಹೋದೆ. ಕಾಲು ತೊಳೆಯಲು ತೊಟ್ಟಿಯ ಕಡೆ ನಡೆದಾಗ ಆಕೆ ಒಳಗಿನಿಂದ ಬಂದು ಬಾಗಿಲು ಎಳೆದುಕೊಂಡರು. ಜಗುಲಿಗೆ ಚಾಪೆ ಹಾಸಿದರು, ಕಾಫಿ ತಂದುಕೊಟ್ಟರು, ನನ್ನ ಅಮ್ಮನ ಆರೋಗ್ಯ ಕೇಳಿದರು.

"ನಿಮ್ ಮ್ಯಾಲೆ ಕೋಪ ಇಲ್ಲ ಕಣವ್ವ," ಎಂದರು, ಲೋಟ ತೆಗೆದುಕೊಳ್ಳುವಾಗ. "ಬಾಗ್ಲು ಮಾತ್ರ ತೆಗೆಯಾಕಿಲ್ಲ."

ನಾನು ಆ ಜಿಲ್ಲೆಯಲ್ಲಿ ಇನ್ನೂ ಏಳು ತಿಂಗಳು ಇದ್ದೆ. ತಿಂಗಳಿಗೊಮ್ಮೆಯಾದರೂ ಆ ಜಗುಲಿಯಲ್ಲಿ ಕೂತು ಕಾಫಿ ಕುಡಿದೆ. ಆ ಕೋಣೆಯ ಒಳಗನ್ನು ಮತ್ತೆ ನೋಡಲಿಲ್ಲ.